ತಲೆ ಬಾಲ ಕೂಡುವ ಮೊದಲು: ಎಣ್ಮಕಜೆಯ ಒಂದು ಮನೆಯ ಸರ್ಪಸುತ್ತು ಪ್ರಕರಣ

ರೋಗಿ 63 ವರ್ಷದ ಗೃಹಿಣಿ. ಊರು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು, ಪೆರ್ಲದ ಆಸುಪಾಸು. ಒಂದೂವರೆ ಎಕ್ರೆ ಅಡಿಕೆ ತೋಟ, ತೋಟದ ಮೇಲಿನ ಮೂಲೆಯಲ್ಲಿ ಕುಟುಂಬದ ನಾಗಬನ, ಎಂದರೆ ನಾಗನಿಗೆಂದು ಬಿಟ್ಟ ಮರಗಳ ಜಾಗ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಗುಳಿಗೆ ನುಂಗಿದರೆ ನುಂಗಿದ್ದು, ಬಿಟ್ಟರೆ ಬಿಟ್ಟದ್ದು. ಮನೆಯಲ್ಲಿ ಮಗ, ಸೊಸೆ, ಆರು ವರ್ಷದ ಮೊಮ್ಮಗ, ಮತ್ತು ಹೆರಿಗೆಗೆಂದು ತವರಿಗೆ ಬಂದಿರುವ ಏಳು ತಿಂಗಳ ಬಸುರಿ ಮಗಳು.

ಇದು ಯಾರೋ ಒಬ್ಬರ ಆಸ್ಪತ್ರೆ ಚೀಟಿಯ ನಕಲಲ್ಲ. ಈ ಗಡಿ ಪಂಚಾಯತುಗಳಲ್ಲಿ ಸರ್ಪಸುತ್ತು ಬಂದಾಗ ಸಾಮಾನ್ಯವಾಗಿ ಏನೇನು ನಡೆಯುತ್ತದೋ ಅದನ್ನೆಲ್ಲ ಒಂದೇ ಮನೆಯೊಳಗೆ ತಂದು ಕೂರಿಸಿದ್ದೇವೆ. ರೋಗದ ಗತಿ, ಮದ್ದಿನ ಪ್ರಮಾಣ, ದಿನಗಳ ಲೆಕ್ಕ ಮಾತ್ರ ವೈದ್ಯಶಾಸ್ತ್ರದಲ್ಲಿ ಇರುವಂತೆಯೇ ಇವೆ.

ಮೊದಲ ಐದು ದಿನ

ಮಳೆ ನಿಂತು ಅಡಿಕೆ ಕೊಯ್ಲು ಶುರುವಾದ ಸಮಯ. ಎಡಗಡೆ ಮೊಲೆಯ ಕೆಳಗಿನಿಂದ ಬೆನ್ನಿನ ತನಕ ಉರಿ, ನಡುನಡುವೆ ಸೂಜಿ ಚುಚ್ಚಿದ ಹಾಗೆ ನೋವು. ಗ್ಯಾಸ್ ಇರಬೇಕೆಂದು ಓಮದ ಕಷಾಯ ಕುಡಿದರು, ಉಳುಕಿರಬೇಕೆಂದು ಎಣ್ಣೆ ತಿಕ್ಕಿದರು. ಎರಡು ದಿನ ಹೀಗೇ ಹೋಯಿತು. ಚರ್ಮದಲ್ಲಿ ಏನೂ ಕಾಣದೆ ಬರೀ ನೋವಿರುವ ಈ ಒಂದರಿಂದ ಐದು ದಿನಗಳ ಅವಧಿ ಸರ್ಪಸುತ್ತಿನಲ್ಲಿ ಮಾಮೂಲು. ಸಕ್ಕರೆ ಕಾಯಿಲೆಯವರಿಗೆ ಎಡ ಎದೆಯಲ್ಲಿ ನೋವು ಬಂದರೆ ಮೊದಲು ಇಸಿಜಿ ತೆಗೆಯಬೇಕು, ಹೃದಯವಲ್ಲ ಎಂದು ಖಚಿತವಾದ ಮೇಲೆಯೇ ಉಳಿದ ಮಾತು. ಇಲ್ಲಿ ಅದು ಆಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸ್ನಾನದ ಹೊತ್ತಿಗೆ ಸೊಸೆ ನೋಡಿದಾಗ ಕೆಂಪಗಾದ ಚರ್ಮದ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಬೊಕ್ಕೆಗಳು, ಒಂದೊಂದು ಗೊಂಚಲಿನಲ್ಲಿ ಎಂಟು ಹತ್ತು. ಬೆನ್ನಹುರಿಯ ಪಕ್ಕದಿಂದ ಹೊರಟು, ಕಂಕುಳಿನ ಕೆಳಗೆ ಹಾದು, ಎದೆಯ ನಡುಗೆರೆಗೆ ಎರಡು ಬೆರಳು ದೂರದಲ್ಲಿ ನಿಂತ ಒಂದು ಪಟ್ಟಿ. ಈ ಹೊತ್ತನ್ನು ನಾವು ಸೊನ್ನೆ ಗಂಟೆ ಎಂದು ಹಿಡಿಯುತ್ತೇವೆ, ಯಾಕೆಂದರೆ ಮದ್ದಿನ ಲೆಕ್ಕ ಶುರುವಾಗುವುದು ಇಲ್ಲಿಂದ.

ನೆರೆಮನೆಯ ಅಜ್ಜಿ ನೋಡಿದ ಕೂಡಲೇ ಹೆಸರು ಹೇಳಿದರು: "ಇದು ಸರ್ಪಸುತ್ತು. ತಲೆಯೂ ಬಾಲವೂ ಕೂಡಿದ್ರೆ ಮತ್ತೆ ಮನುಷ್ಯ ಉಳಿಯುವುದಿಲ್ಲ."

ಆರನೆಯ ಗಂಟೆಗೆ ಹುತ್ತದ ಮಣ್ಣು, ಗರಿಕೆ ರಸ, ಅರಶಿನ ಹುಡಿ ಕಲಸಿ ದಪ್ಪಕ್ಕೆ ಹಚ್ಚಿಯಾಯಿತು. ಉಪ್ಪು ಹುಳಿ ಬಿಟ್ಟು ಗಂಜಿಯ ಪಥ್ಯ. ಇಂಗ್ಲಿಷ್ ಮದ್ದು ಉಷ್ಣ ಎಂದು ಸಕ್ಕರೆ ಗುಳಿಗೆಯೂ ನಿಂತಿತು. ಇಪ್ಪತ್ತನೆಯ ಗಂಟೆಗೆ ಮಗ ಜ್ಯೋತಿಷಿಯಲ್ಲಿ ಪ್ರಶ್ನೆ ಕೇಳಿ ಬಂದ. ಬೇಸಗೆಯಲ್ಲಿ ತೋಟಕ್ಕೆ ಮಾರ್ಗ ಮಾಡುವಾಗ ಜೇಸಿಬಿ ಬನದ ಗಡಿಯ ಎರಡು ಮರ ಉರುಳಿಸಿತ್ತು. ಕವಡೆಯಲ್ಲಿ ಕಂಡದ್ದೂ ಅದೇ, ಬನಕ್ಕೆ ಆದ ಲೋಪ. ಪರಿಹಾರ ಸ್ಪಷ್ಟವಾಗಿತ್ತು: ಕೂಡಲೇ ಸೀಯಾಳ ಮತ್ತು ಹಾಲಿನ ಅಭಿಷೇಕ, ತಂಬಿಲ ಎಂಬ ನಾಗಪೂಜೆ, ಮುಂದಿನ ಆಶ್ಲೇಷಾ ನಕ್ಷತ್ರದಂದು ಮಂಡಲ ಬರೆದು ಮಾಡುವ ಆಶ್ಲೇಷ ಬಲಿ ಎಂಬ ಪೂಜೆ, ಉರುಳಿದ ಮರದ ಜಾಗದಲ್ಲಿ ಗಿಡ. ಆಶ್ಲೇಷಾ ಬರಲು ಇನ್ನು 17 ದಿನ.

ಮಗಳು ಬಸುರಿಯಾದ್ದರಿಂದ ಮನೆಗೆ ಬಂದುಹೋಗುತ್ತಿದ್ದ ಆಶಾ ಕಾರ್ಯಕರ್ತೆಗೆ ವಿಷಯ ಗೊತ್ತಾದದ್ದು 48ನೆಯ ಗಂಟೆಗೆ. 52ನೆಯ ಗಂಟೆಗೆ ಕುಟುಂಬ ಆರೋಗ್ಯ ಕೇಂದ್ರದಲ್ಲಿ ವೈದ್ಯರು ನೋಡಿ ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನಕ್ಕೆ 35 ಗುಳಿಗೆ ಬರೆದರು. ನೋವಿಗೆ ಪ್ಯಾರಾಸಿಟಮಾಲ್. ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ, ಅದು ಏರಿದ್ದರೆ ಗುಳಿಗೆ ಕಡಿಮೆ ಮಾಡಬೇಕಾಗುತ್ತದೆ. ನೀರು ಚೆನ್ನಾಗಿ ಕುಡಿಯಬೇಕು. ಎಲ್ಲವನ್ನೂ ವೈದ್ಯರು ಸೌಜನ್ಯದಿಂದಲೇ ಹೇಳಿದರು, ಆದರೆ ಮಲಯಾಳದಲ್ಲಿ. ಚೀಟಿ ಇಂಗ್ಲಿಷಿನಲ್ಲಿ. ಮನೆಗೆ ಬಂದ ಮೇಲೆ "ಐದು ಸಲ" ಎಂಬುದು ಎಲ್ಲ ಗುಳಿಗೆಗಳ ಹಾಗೆ "ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ" ಆಗಿಬಿಟ್ಟಿತು. ಎರಡು ದಿನದಲ್ಲಿ ಹತ್ತು ಗುಳಿಗೆ ಹೋಗಬೇಕಾದಲ್ಲಿ ಆರೇ ಹೋದವು. ಆಶಾ ಕಾರ್ಯಕರ್ತೆ ಮತ್ತೆ ಬಂದಾಗ ಹಾಳೆಯಲ್ಲಿ ಉಳಿದ ಗುಳಿಗೆ ಎಣಿಸಿ ಕಂಡುಹಿಡಿದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದರು: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10.

ಬೊಕ್ಕೆ ಕಂಡ ಐದನೆಯ ದಿನ, ಒಣಗಿ ಬಿರಿದ ಮಣ್ಣನ್ನು ಕುದಿಸಿ ಆರಿಸಿದ ಉಪ್ಪುನೀರಿನ ಬಟ್ಟೆಯಿಂದ ನೆನೆಸಿ ನೆನೆಸಿ ತೆಗೆದಾಗ ಬೆನ್ನಿನ ಎರಡು ಕಡೆ ಕೀವು. ಅದಕ್ಕೆ ಬೇರೆ ಆಂಟಿಬಯೋಟಿಕ್. ಸಕ್ಕರೆಯೂ ಏರಿತ್ತು.

ಆ ಹೆಸರು ಕಂಡದ್ದು

ಅಜ್ಜಿ ಹೇಳಿದ ಹೆಸರನ್ನು ಅಜ್ಞಾನವೆಂದು ತಳ್ಳುವ ಮೊದಲು ಆ ಹೆಸರಿನಲ್ಲಿ ಎಷ್ಟು ನೋಟ ಇದೆ ಎಂದು ನೋಡಬೇಕು. ಒಂದೇ ಬದಿ, ಪಟ್ಟಿಯಾಗಿ, ಬೆನ್ನಿನಿಂದ ಮುಂದಕ್ಕೆ ಸುತ್ತು ಬರುತ್ತದೆ, ದಿನದಿಂದ ದಿನಕ್ಕೆ ಮುಂದೆ ಹರಿಯುತ್ತದೆ. ಇದನ್ನು ನೋಡಿದವರಿಗೆ ಹಾವು ನೆನಪಾಗದೆ ಇನ್ನೇನು? ವೈದ್ಯರು ಬರೆಯುವ ಹರ್ಪಿಸ್ ಜೋಸ್ಟರ್ ಎಂಬ ಹೆಸರೂ ಇದೇ ಮಾತನ್ನು ಹೇಳುತ್ತದೆ. ಗ್ರೀಕಿನಲ್ಲಿ ಹರ್ಪಿಸ್ ಎಂದರೆ ಹರಿದು ಸಾಗುವಂಥದ್ದು, ಜೋಸ್ಟರ್ ಎಂದರೆ ಸೊಂಟಪಟ್ಟಿ. ಭಾಷಾಶಾಸ್ತ್ರಜ್ಞರ ಪ್ರಕಾರ ಆ ಹರ್ಪಿಸ್, ಲ್ಯಾಟಿನಿನಿಂದ ಬಂದ ಇಂಗ್ಲಿಷಿನ ಸರ್ಪೆಂಟ್, ಸಂಸ್ಕೃತದ ಸರ್ಪ ಮೂರಕ್ಕೂ ಒಂದೇ ಬೇರು. ಪೆರ್ಲದ ಅಜ್ಜಿಯೂ ವೈದ್ಯಕೀಯ ಪುಸ್ತಕವೂ ಒಂದೇ ಪ್ರಾಣಿಯನ್ನು ಕಂಡಿವೆ.

ಪಟ್ಟಿ ಯಾಕೆ ಎಂಬುದನ್ನು ವಿಜ್ಞಾನ ವಿವರಿಸಿದ್ದು ಬಹಳ ತಡವಾಗಿ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಬಂದುಹೋದಾಗ ಅದರ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಮಲಗಿರುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ಕ್ಯಾನ್ಸರ್, ಎಚ್‌ಐವಿ, ದೀರ್ಘಕಾಲದ ಸ್ಟೀರಾಯ್ಡ್ ಮುಂತಾದವುಗಳಿಂದ ದೇಹದ ಕಾವಲು ಸಡಿಲವಾದಾಗ ಒಂದು ಗಂಟಿನಲ್ಲಿ ಎದ್ದು, ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. 1900ರಲ್ಲಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬಿಬ್ಬರು ಈ ರೋಗಿಗಳನ್ನು ನೋಡಿಯೇ ಯಾವ ನರ ಚರ್ಮದ ಯಾವ ಪಟ್ಟಿಗೆ ಸೇರಿದ್ದೆಂಬ ನಕ್ಷೆ ಬರೆದರು. ಮೊಲೆತೊಟ್ಟಿನ ಮಟ್ಟ ನಾಲ್ಕನೆಯ ಎದೆ ನರದ್ದು, ಹೊಕ್ಕುಳ ಹತ್ತನೆಯದರದ್ದು. ನಮ್ಮ ರೋಗಿಯದ್ದು ಇವೆರಡರ ನಡುವಿನ ಪಟ್ಟಿ. ಮಲಗಿದ ಹಳೆಯ ವೈರಸ್ಸೇ ಏಳುತ್ತದೆ ಎಂಬ ವಾದವನ್ನು ಗಟ್ಟಿಯಾಗಿ ಮಂಡಿಸಿದವರು ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದ ಸಾಮಾನ್ಯ ವೈದ್ಯ ಹೋಪ್-ಸಿಂಪ್ಸನ್, 1965ರಲ್ಲಿ. ಎಂದರೆ ನಮ್ಮ ರೋಗಿಯ ಅಜ್ಜಿಗೆ ಸರ್ಪಸುತ್ತು ಬಂದ ಕಾಲದಲ್ಲಿ "ಇದು ಈಗ ಯಾಕೆ ಬಂತು" ಎಂಬ ಪ್ರಶ್ನೆಗೆ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಗಟ್ಟಿ ಉತ್ತರ ಇರಲಿಲ್ಲ. ಬನದಲ್ಲಿ ಇತ್ತು.

ಪ್ರತಿ ಸಲವೂ ನಿಜವಾಗುವ ನಂಬಿಕೆ

ಈ ಪ್ರಕರಣದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದದ್ದು ಇದು: ಜನ ಪುರಾವೆ ಬಿಟ್ಟು ನಂಬುತ್ತಿಲ್ಲ. ಕಣ್ಣೆದುರು ಬಂದ ಪುರಾವೆಯನ್ನು ನೋಡಿಯೇ ನಂಬುತ್ತಿದ್ದಾರೆ. ಆ ಪುರಾವೆ ಮೋಸ ಮಾಡುವುದು ಹೇಗೆಂಬುದು ಗೊತ್ತಿಲ್ಲ, ಅಷ್ಟೇ.

ಲೆಕ್ಕ ಹಾಕಿ ನೋಡಿ. ಹೊಸ ಬೊಕ್ಕೆಗಳು ಮೂರರಿಂದ ಐದು ದಿನ ಏಳುತ್ತವೆ. ಏಳರಿಂದ ಹತ್ತು ದಿನಕ್ಕೆ ಒಣಗಿ ಹಕ್ಕಳೆ ಕಟ್ಟುತ್ತವೆ. ಎರಡರಿಂದ ನಾಲ್ಕು ವಾರದೊಳಗೆ ಚರ್ಮ ಮಾಯುತ್ತದೆ. ದೇಹದ ಶಕ್ತಿ ಒಂದು ಮಟ್ಟಿಗಾದರೂ ಇದ್ದವರಲ್ಲಿ ಮದ್ದಿಲ್ಲದೆಯೂ ಇದು ಹೀಗೇ ನಡೆಯುತ್ತದೆ. ಈಗ ಪಂಚಾಂಗ ತೆಗೆಯಿರಿ. ಚಂದ್ರ ಒಂದು ನಕ್ಷತ್ರದಿಂದ ಹೊರಟು ಮತ್ತೆ ಅದೇ ನಕ್ಷತ್ರಕ್ಕೆ ಬರಲು 27 ದಿನ ಮತ್ತು ಸುಮಾರು 8 ಗಂಟೆ ಬೇಕು. ರೋಗ ಯಾವ ದಿನ ಬಂದರೂ ಮುಂದಿನ ಆಶ್ಲೇಷಾಕ್ಕೆ ಸರಾಸರಿ ಎರಡು ವಾರ, ಹೆಚ್ಚೆಂದರೆ ನಾಲ್ಕು ವಾರ. ಗಾಯ ಮಾಯುವ ಅವಧಿಯೂ ಅಷ್ಟೇ. ಹೆಚ್ಚಿನ ಸಲ ಬಲಿಯ ದಿನ ರೋಗಿ ಎದ್ದು ಸ್ನಾನ ಮಾಡಿ ಮಂಡಲದ ಎದುರು ಕೈಮುಗಿಯುವ ಸ್ಥಿತಿಯಲ್ಲಿ ಇರುತ್ತಾರೆ. ಹರಕೆ ಹೊತ್ತ ದಿನ ಉರಿ, ತೀರಿಸಿದ ದಿನ ವಾಸಿ. ಒಂದು ಊರಿನಲ್ಲಿ ಐವತ್ತು ವರ್ಷ ಇದು ನಡೆದರೆ, ಐವತ್ತು ವರ್ಷದ ಅನುಭವವೂ ಒಂದೇ ಕಡೆಗೆ ಬೆರಳು ತೋರಿಸುತ್ತದೆ.

ತಲೆ ಬಾಲದ ಮಾತೂ ಹಾಗೆಯೇ. ಎಡಗಡೆಯ ನರ ಎಡಗಡೆಗೇ ಸೀಮಿತ, ನಡುಗೆರೆ ದಾಟಿ ಬಲಗಡೆಗೆ ಹೋಗುವ ದಾರಿ ಅದಕ್ಕಿಲ್ಲ. ಹಾಗಾಗಿ ಪಟ್ಟಿ ಕೂಡುವುದೇ ಇಲ್ಲ. ಆದರೆ ಮಣ್ಣು ಹಚ್ಚಿದ ಮನೆಯಲ್ಲಿ "ಮಣ್ಣು ಹಚ್ಚಿದ್ದಕ್ಕೆ ಕೂಡಲಿಲ್ಲ" ಎಂದು ಕಾಣುತ್ತದೆ. ಹಚ್ಚದೆ ಇದ್ದ ಮನೆಯಲ್ಲೂ ಕೂಡಲಿಲ್ಲವಲ್ಲ ಎಂದು ಹೋಲಿಸಿ ನೋಡಲು ಹಚ್ಚದೆ ಇದ್ದ ಮನೆ ಊರಿನಲ್ಲಿ ಬೇಕಲ್ಲ? ಇನ್ನೊಂದು ಮಾತನ್ನೂ ಸೇರಿಸಬೇಕು. ದೇಹದ ಕಾವಲು ತೀರಾ ಕುಸಿದವರಲ್ಲಿ, ಉದಾಹರಣೆಗೆ ಎಚ್‌ಐವಿ ಇಲ್ಲವೇ ರಕ್ತದ ಕ್ಯಾನ್ಸರ್ ಇರುವವರಲ್ಲಿ, ಅಪರೂಪಕ್ಕೆ ಬೊಕ್ಕೆ ಎರಡೂ ಬದಿಗೆ, ಮೈಯೆಲ್ಲ ಹರಡುತ್ತದೆ. ಅಂಥವರ ಪ್ರಾಣಕ್ಕೆ ಅಪಾಯ ನಿಜವಾಗಿಯೂ ಇರುತ್ತದೆ. ಯಾವುದೋ ಕಾಲದಲ್ಲಿ ಅಂಥ ಒಂದೆರಡು ಸಾವು ನೋಡಿದವರ ನೆನಪಿನಿಂದ ಈ ಮಾತು ಹುಟ್ಟಿರಬಹುದು ಎಂದು ನಮಗನಿಸುತ್ತದೆ. ಸುತ್ತು ಕೂಡಿದ್ದು ಸಾವಿನ ಕಾರಣವಲ್ಲ, ದೇಹ ಸೋತದ್ದರ ಗುರುತು.

ಇನ್ನು ಪ್ರಶ್ನೆಗಳ ವಿಷಯ. ವೈದ್ಯರು ಉತ್ತರಿಸಿದ್ದು "ಇದು ಏನು" ಎಂಬುದಕ್ಕೆ. ರೋಗಿ ಕೇಳುತ್ತಿದ್ದದ್ದು "ನನಗೇ ಯಾಕೆ, ಈಗಲೇ ಯಾಕೆ, ನಾನೇನು ತಪ್ಪು ಮಾಡಿದೆ" ಎಂದು. ಬಾಳಿನಲ್ಲಿ ಮೂವರಲ್ಲಿ ಒಬ್ಬರಿಗೆ ಬರುತ್ತದೆ ಎಂಬುದು ಅಮೆರಿಕದಲ್ಲಿ ಹಾಕಿದ ಅಂದಾಜು. ಆದರೆ ಆ ಮೂರರಲ್ಲಿ ಒಬ್ಬಳು ತಾನೇ ಯಾಕೆ ಎಂಬುದಕ್ಕೆ ಯಾವ ಅಂದಾಜಿನಲ್ಲೂ ಉತ್ತರವಿಲ್ಲ. ಜ್ಯೋತಿಷಿಯ ಮನೆಯಲ್ಲಿ ಉತ್ತರ ಇತ್ತು, ಅದರ ಜೊತೆಗೆ ಮಾಡಲೊಂದು ಕೆಲಸ, ಅದಕ್ಕೊಂದು ದಿನ, ಆ ದಿನಕ್ಕೆ ಒಟ್ಟಾಗುವ ನಾಲ್ಕು ಮನೆಯ ಜನ. ಮಗನಿಗೂ ಮರ ಉರುಳಿಸಿದ ಮುಜುಗರ ಮನಸ್ಸಿನಲ್ಲಿ ಇತ್ತು. ಅದನ್ನು ತೀರಿಸುವ ದಾರಿಯೂ ಸಿಕ್ಕಿತು.

ಎರಡು ವಿವರಣೆ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರಬಲ್ಲವು. ದಕ್ಷಿಣ ಆಫ್ರಿಕಾದ ಸೆಸೊಥೊ ಭಾಷಿಕರಲ್ಲಿ ಏಡ್ಸ್ ಬಗ್ಗೆ ಕೇಳಿ ಲೆಗಾರೆ ಮತ್ತು ಗೆಲ್ಮನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ವೈರಸ್ಸಿನ ವಿಷಯ ಗೊತ್ತಿದ್ದವರೇ ಮಾಟದ ಕಾರಣವನ್ನೂ ಹೇಳುತ್ತಿದ್ದರು. ಮಕ್ಕಳಿಗಿಂತ ದೊಡ್ಡವರಲ್ಲಿ ಅದು ಕಡಿಮೆ ಇರಲಿಲ್ಲ. ಪೆರ್ಲದ ಈ ಮನೆಯ ಮಗನೂ ವಿಜ್ಞಾನ ಓದಿದವನೇ. "ವೈರಸ್ ಹೌದು, ಎಲ್ಲರ ಮೈಯಲ್ಲೂ ಉಂಟಲ್ಲ. ಅಮ್ಮನದ್ದನ್ನೇ ಎಬ್ಬಿಸಿದ್ದು ಯಾರು?" ಎಂಬುದು ಅವನ ವಾದ. ಇದರಲ್ಲಿ ವಿಜ್ಞಾನವನ್ನು ಅಲ್ಲಗಳೆದ ಮಾತು ಒಂದೂ ಇಲ್ಲ.

ಈ ಪಂಚಾಯತಿನ ನೆನಪು

ಎಣ್ಮಕಜೆಯಲ್ಲಿ ವಿಜ್ಞಾನದ ಮೇಲಿನ ನಂಬಿಕೆಯ ಬಗ್ಗೆ ಬರೆಯುವಾಗ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಬಿಟ್ಟು ಬರೆಯಲಾಗದು. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಣೆ ನಡೆಯಿತು. ಇದೇ ಪಂಚಾಯತಿನ ಪಡ್ರೆಯ ಸುತ್ತ ಹಲವು ಮನೆಗಳಲ್ಲಿ ಅಂಗವೈಕಲ್ಯದ, ಬುದ್ಧಿ ಬೆಳೆಯದ ಮಕ್ಕಳು ಕಾಣತೊಡಗಿದಾಗ ಜನ ಮೊದಲು ಹೇಳಿದ್ದು ಜಟಾಧಾರಿ ದೈವದ ಮುನಿಸು ಎಂದು. ಮೇಲಿನವರು ಹೇಳಿದ್ದು ಮದ್ದಿನಿಂದ ಅಪಾಯವಿಲ್ಲ ಎಂದು. ಅನುಮಾನಪಟ್ಟು ಲೆಕ್ಕ ಇಡತೊಡಗಿದವರು ಊರಿನಲ್ಲೇ ಇದ್ದ ವೈದ್ಯರು ಮತ್ತು ಪತ್ರಕರ್ತರು. ಸರ್ವೋಚ್ಚ ನ್ಯಾಯಾಲಯ 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಅದರ ಬಳಕೆ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಯಾವ ರೋಗ ಎಷ್ಟರ ಮಟ್ಟಿಗೆ ಅದರಿಂದಲೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ಅಪಾಯವಿಲ್ಲ ಎಂದು ಕೋಟು ಹಾಕಿದವರು ಹೇಳಿದ ಮಾತನ್ನು ಒಮ್ಮೆ ನಂಬಿ ಕೆಟ್ಟ ಊರು ಇದು. ಇಲ್ಲಿ ಯಾರಾದರೂ "ಇದು ವಿಜ್ಞಾನ, ನಂಬಿ" ಎಂದರೆ ಅದು ಸಾಲುವುದಿಲ್ಲ, ಸಾಲಲೂಬಾರದು.

ಸಂಘರ್ಷ ನಿಜವಾಗಿ ಇರುವ ಕಡೆ

ತಂಬಿಲದಿಂದ, ಸೀಯಾಳ ಅಭಿಷೇಕದಿಂದ, ಬನದಲ್ಲಿ ಗಿಡ ನೆಡುವುದರಿಂದ ರೋಗಿಗೆ ಯಾವ ಕೇಡೂ ಇಲ್ಲ. ಬನದ ಮರ ಉಳಿಯುವುದಂತೂ ಒಳ್ಳೆಯದೇ; ಕಾಂಕ್ರೀಟು ಕಟ್ಟೆಗಳಾಗಿ ಬದಲಾದ ಬನಗಳನ್ನು ಕಂಡರೆ ಸಂಕಟವಾಗುತ್ತದೆ. ಕೇಡು ಇರುವುದು ಬೇರೆ ಕಡೆ.

ಮೊದಲನೆಯದು ಗಡಿಯಾರ. ಅಸೈಕ್ಲೋವಿರ್ ಶುರುವಾಗಬೇಕಾದದ್ದು ಬೊಕ್ಕೆ ಕಂಡ 72 ಗಂಟೆಯೊಳಗೆ, ಹೊಸ ಬೊಕ್ಕೆ ಏಳುತ್ತಿದ್ದರೆ ಆಮೇಲೂ ಕೊಡಬಹುದು. ವೈರಸ್ ಹೆಚ್ಚುತ್ತಿರುವಾಗಲೇ ಅದು ಕೆಲಸ ಮಾಡುವುದು. ನಾಗನ ಕೆಲಸಕ್ಕೆ 17 ದಿನ ಕಾಯಬಹುದು, ಗುಳಿಗೆಗೆ ಆಗದು. ಎರಡನೆಯದು ಮಣ್ಣು. ಒಡೆದ ಬೊಕ್ಕೆ ಎಂದರೆ ತೆರೆದ ಗಾಯ. ಅದರ ಮೇಲೆ ಹಸಿ ಮಣ್ಣು ಬಿದ್ದರೆ ಕೀವು, ಕೆಲವೊಮ್ಮೆ ಧನುರ್ವಾಯುವಿನ ಭಯ. ಮೂರನೆಯದು ಸಕ್ಕರೆ ಗುಳಿಗೆ ನಿಲ್ಲಿಸಿ ಮೂರು ಹೊತ್ತು ಗಂಜಿ ಕುಡಿಯುವ ಪಥ್ಯ. ನಾಲ್ಕನೆಯದು ಮುಖ, ಮತ್ತು ಇದರಲ್ಲಿ ಯಾವ ರಾಜಿಯೂ ಇಲ್ಲ. ಹಣೆ, ರೆಪ್ಪೆ, ಅದರಲ್ಲೂ ಮೂಗಿನ ತುದಿಯಲ್ಲಿ ಬೊಕ್ಕೆ ಕಂಡರೆ ಅದೇ ನರದ ಕವಲು ಕಣ್ಣಿನೊಳಕ್ಕೂ ಹೋಗುತ್ತದೆ. ಅಂದೇ ಕಣ್ಣಿನ ವೈದ್ಯರನ್ನು ನೋಡಬೇಕು, ಇಲ್ಲದಿದ್ದರೆ ದೃಷ್ಟಿ ಹೋಗಬಹುದು. ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಳ್ಳುವುದೂ ಕೂಡದು. ಆದರೆ ಈ ತಪ್ಪನ್ನು ನಾಗನನ್ನು ನಂಬುವವರು, ನಂಬದವರು ಎಲ್ಲರೂ ಮಾಡುತ್ತಾರೆ.

ಒಂದು ಕಡೆ ನಂಬಿಕೆ ವಿಜ್ಞಾನಕ್ಕಿಂತ ಮೊದಲೇ ಸರಿ ಮಾಡಿತ್ತು. ಸೀತಾಳೆಗೆ ಮಾಡುವ ಹಾಗೆ ಅಜ್ಜಿ ರೋಗಿಯನ್ನು ಚಾವಡಿಯ ಪಕ್ಕದ ಕೋಣೆಯಲ್ಲಿ ಬೇರೆ ಚಾಪೆ, ಬೇರೆ ಹೊದಿಕೆಯಲ್ಲಿ ಮಲಗಿಸಿ, ಬಸುರಿಯನ್ನೂ ಮಗುವನ್ನೂ ಒಳಗೆ ಬಿಡಲಿಲ್ಲ. ಬೊಕ್ಕೆಯ ನೀರು ತಾಗಿದರೆ ಸೀತಾಳೆ ಬಾರದವರಿಗೆ ಸರ್ಪಸುತ್ತಲ್ಲ, ಸೀತಾಳೆಯೇ ಬರಬಹುದು, ಬಸುರಿಯರಲ್ಲಿ ಅದು ಅಪಾಯಕಾರಿ. ಹಕ್ಕಳೆ ಕಟ್ಟಿದ ಮೇಲೆ ಆ ಭಯವಿಲ್ಲ. ಆಶಾ ಕಾರ್ಯಕರ್ತೆ ಮಾಡಿದ ಒಳ್ಳೆಯ ಕೆಲಸವೆಂದರೆ ಮೊದಲ ಮಾತು ಇಲ್ಲಿಂದ ಶುರು ಮಾಡಿದ್ದು: "ಅಕ್ಕ, ಬೇರೆ ಮಲಗಿಸಿದ್ದು ಭಾರೀ ಒಳ್ಳೆದಾಯ್ತು. ನಾಗನಿಗೆ ಹೇಳಿದ್ದು ಅದರ ದಿನಕ್ಕೆ ಮಾಡುವ. ಈ ಮಾತ್ರೆ ಮಾತ್ರ ಇವತ್ತೇ ಶುರು ಮಾಡ್ಬೇಕು, ನಾಳೆಗೆ ತಡ ಆಗ್ತದೆ." ರೋಗಿ ಕೇಳಿದ್ದು ಒಂದೇ ಪ್ರಶ್ನೆ, ಮಾತ್ರೆ ತಕ್ಕೊಂಡರೆ ನಾಗ ಮುನಿಯುವುದಿಲ್ಲವಾ ಎಂದು. ಆಶಾ ಕಾರ್ಯಕರ್ತೆ ತಾನೇ ಉತ್ತರ ಹೇಳಲು ಹೋಗಲಿಲ್ಲ. ಬನದ ಅರ್ಚಕರಿಗೆ ಮಗನಿಂದ ಫೋನ್ ಮಾಡಿಸಿದರು. ಅವರು ತಕ್ಕೊಳ್ಳಲಿ ಎಂದರು. ಈ ಒಂದು ಫೋನಿಗೆ ಹಿಡಿದ ನಾಲ್ಕು ನಿಮಿಷದಷ್ಟು ಕೆಲಸ ಯಾವ ಅರಿವಿನ ಭಾಷಣದಿಂದಲೂ ಆಗುತ್ತಿರಲಿಲ್ಲ. "ಅದೆಲ್ಲ ಮೂಢನಂಬಿಕೆ" ಎಂದು ಬಿಟ್ಟಿದ್ದರೆ ಆಗುತ್ತಿದ್ದದ್ದೂ ಗೊತ್ತಿರುವಂಥದ್ದೇ: ಗುಳಿಗೆ ಮಾಡಿನ ಸಂದಿಯಲ್ಲಿ ಉಳಿಯುತ್ತದೆ, ಕಣ್ಣಿಗೆ ಬಂದರೂ ರೋಗಿ ಮತ್ತೆ ಆ ಬಾಗಿಲಿಗೆ ಬರುವುದಿಲ್ಲ.

95ನೆಯ ದಿನ

ಬೊಕ್ಕೆ ಕಂಡ ಒಂಬತ್ತನೆಯ ದಿನಕ್ಕೆ ಹಕ್ಕಳೆ ಕಟ್ಟಿತು. ಆಶ್ಲೇಷ ಬಲಿಯ ದಿನ ಬೆನ್ನಿನ ಕೀವಾದ ಜಾಗ ಬಿಟ್ಟು ಉಳಿದಲ್ಲೆಲ್ಲ ನಸುಗಪ್ಪು ಕಲೆ ಮಾತ್ರ. "ನಾಗ ಬಿಟ್ಟ" ಎಂದರು ಎಲ್ಲರೂ.

ನೋವು ಬಿಡಲಿಲ್ಲ. ಮೂರು ತಿಂಗಳು ಕಳೆದ ಮೇಲೂ ರವಕೆಯ ಅಂಚು ತಾಗಿದರೆ ಕೆಂಡ ಇಟ್ಟಂತೆ, ರಾತ್ರಿ ನಿದ್ದೆ ಇಲ್ಲ. 90 ದಿನ ದಾಟಿದ ಇಂಥ ನೋವು ಗಾಯದ್ದಲ್ಲ, ವೈರಸ್ ಕೆಡಿಸಿಬಿಟ್ಟ ನರದ್ದು. ವಯಸ್ಸು ಹೆಚ್ಚಿದಷ್ಟೂ ಇದು ಉಳಿಯುವ ಸಂಭವ ಹೆಚ್ಚು. ಗುಳಿಗೆ ಹೊಸ ಬೊಕ್ಕೆಯನ್ನು ಬೇಗ ನಿಲ್ಲಿಸುತ್ತದೆ, ಗಾಯ ಬೇಗ ಒಣಗಿಸುತ್ತದೆ, ಆ ದಿನಗಳ ನೋವನ್ನು ತಗ್ಗಿಸುತ್ತದೆ; ಈ ಉಳಿಕೆ ನೋವನ್ನು ಖಂಡಿತವಾಗಿ ತಡೆಯುತ್ತದೆಂಬ ಭರವಸೆ ಕೊಡುವುದಿಲ್ಲ. ಇದನ್ನು ಮೊದಲ ದಿನವೇ ಯಾರೂ ಹೇಳಿರಲಿಲ್ಲ. ಹಾಗಾಗಿ ಮನೆಯಲ್ಲಿ ಹುಟ್ಟಿದ ಪ್ರಶ್ನೆ, ಸೇವೆಯಲ್ಲಿ ಏನು ಕೊರತೆಯಾಯಿತು ಎಂಬುದು. ಜ್ಯೋತಿಷಿಯಲ್ಲಿ ಇನ್ನೊಮ್ಮೆ ಪ್ರಶ್ನೆ ಕೇಳಿಸುವ, ದೊಡ್ಡದೊಂದು ಸೇವೆ ಹೇಳಿಕೊಳ್ಳುವ ಮಾತೂ ಬಂತು. ಅಡಿಕೆ ಮಾರಿದ ಹಣ ಅದಕ್ಕೆಂದು ತೆಗೆದಿಟ್ಟಾಗಿತ್ತು.

ಈ ಸಲ ಫೋನ್ ಮಾಡಿದ್ದು ಸೊಸೆ. ಅರ್ಚಕರು ಹೇಳಿದ್ದು ಇಷ್ಟು: "ನಾಗನ ಲೆಕ್ಕ ಅಂದೇ ಚುಕ್ತಾ ಆಗಿದೆ ಅಮ್ಮ. ನೋವಿನದ್ದು ಡಾಕ್ಟ್ರ ಹತ್ರ ಕೇಳಿ." ಮರುದಿನ ಆರೋಗ್ಯ ಕೇಂದ್ರದಲ್ಲಿ ಇಸಿಜಿ ಮೊದಲ ಸಲ ತೆಗೆದರು, ಸರಿಯಿತ್ತು. ರಾತ್ರಿ ಮಲಗುವ ಮೊದಲು ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ, ನೋವು ಇಳಿಯದಿದ್ದರೆ ನಿಧಾನಕ್ಕೆ ಏರಿಸುವುದು, ಅದೂ ಸಾಲದಿದ್ದರೆ ಗ್ಯಾಬಾಪೆಂಟಿನ್. ಬಾಯಿ ಒಣಗುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ತಲೆ ತಿರುಗಬಹುದು, ಎರಡು ನಿಮಿಷ ಕೂತು ಏಳಬೇಕು, ಪರಿಣಾಮ ಕಾಣಲು ವಾರಗಳೇ ಹಿಡಿಯುತ್ತವೆ ಎಂಬುದನ್ನೆಲ್ಲ ಸೊಸೆ ಕನ್ನಡದಲ್ಲಿ ಬರೆದುಕೊಂಡಳು. ಹಳೆಯ ಚೀಟಿ ಅಡುಗೆಮನೆ ಬಾಗಿಲಲ್ಲಿ ಇನ್ನೂ ಇತ್ತು, ಹೊಸದನ್ನು ಅದರ ಮೇಲೆಯೇ ಅಂಟಿಸಿದಳು.